ಬಿಲ್ಲೆಯೊಳಗಿನ ಹಾಗೋಪ್

ನಕ್ಷೆಗಳು ಮುಗಿದ ಮೇಲೂ ನೆಲ ಮುಂದುವರಿಯುತ್ತಿದ್ದ ಕಾಲದಲ್ಲಿ ಶಂಖಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಾಗಲಿ, ಛತ್ರವಾಗಲಿ, ಕುದುರೆಲಾಯವಾಗಲಿ, ಯಾವುದರ ಗೋಡೆಯೂ ಬರಿದಾಗಿರಲಿಲ್ಲ. ಎಲ್ಲೆಡೆ ಸುಟ್ಟ ಮಣ್ಣಿನ ಚೌಕಾಕಾರದ ಬಿಲ್ಲೆಗಳು. ಬಿಲ್ಲೆಗಳ ಮೇಲೆ ಗಾಜಿನಂಥ ಮೆರುಗು. ಮೆರುಗಿನ ಅಡಿಯಲ್ಲಿ ದ್ರಾಕ್ಷಿಬಳ್ಳಿ, ದಾಳಿಂಬೆ, ಜಿಂಕೆ, ಮೀನು, ಹಕ್ಕಿ. ಅವನ್ನೆಲ್ಲ ಬರೆದವರು ಆರ್ಮೇನಿಯರು.

ಅರಾರಾತ್ ಎಂಬ ಹಿಮದ ಬೆಟ್ಟದ ಬುಡದಿಂದ ಅವರ ಹಿರಿಯರು ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಶಂಖಾವತಿಗೆ ಬಂದಿದ್ದರು. ಅವರನ್ನು ಬೀಳ್ಕೊಡಲು ಬೆಟ್ಟವೇ ಗಡಿಯವರೆಗೂ ನಡೆದುಬಂದಿತ್ತು ಎಂದು ಅವರ ಕೇರಿಯಲ್ಲಿ ಹೇಳುತ್ತಿದ್ದರು. ಶುಶಾನ್ ಎಂಬ ಹುಡುಗಿ ಚಿಕ್ಕವಳಿದ್ದಾಗ ತಂದೆಯನ್ನು ಕೇಳಿದ್ದಳು:

“ಹಾಯ್ರಿಕ್, ಬೆಟ್ಟ ನಡೆದು ಬಂದಿದ್ದರೆ ಅದರ ಹೆಜ್ಜೆಗುರುತು ಎಲ್ಲಿ?”

ಹಾಯ್ರಿಕ್ ಎಂದರೆ ಅವರ ಮಾತಿನಲ್ಲಿ ಅಪ್ಪ. ಆ ಅಪ್ಪನ ಹೆಸರು ಹಾಗೋಪ್.

“ನಾನು ನೋಡಲಿಲ್ಲ ಮಗಳೇ,” ಎಂದಿದ್ದ ಹಾಗೋಪ್. “ಆಗ ನನಗೆ ಹಲ್ಲೂ ಬಂದಿರಲಿಲ್ಲ. ಕತ್ತೆಯ ಮೇಲೆ ನಿದ್ದೆ ಮಾಡುತ್ತಿದ್ದೆ.”

ಕೇರಿಯ ಚಿತ್ರಗಾರರಲ್ಲಿ ಹಾಗೋಪನ ಗೆರೆ ಹೆಸರಾದದ್ದು. ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಉಳಿದಿದ್ದವರು ಮಗಳು ಶುಶಾನ್ ಮತ್ತು ವಿಧವೆಯಾದ ಅಕ್ಕ ತಾಕುಹಿ. ಹಾಗೋಪ್ ಚಿತ್ರ ಬರೆಯುತ್ತಿದ್ದ. ತಾಕುಹಿ ಬಿಲ್ಲೆ ಸುಡುವ ಆವಿಗೆಯನ್ನು ಉರಿಸುತ್ತಿದ್ದಳು. ಶುಶಾನ್ ಇಬ್ಬರ ಕೆಲಸವನ್ನೂ ಕಲಿಯುತ್ತ, ಇಬ್ಬರ ಕೆಲಸಕ್ಕೂ ತಡೆಯಾಗುವಷ್ಟು ಪ್ರಶ್ನೆ ಕೇಳುತ್ತ ದೊಡ್ಡವಳಾದಳು.

ಆ ಕೆಲಸವೇ ಪ್ರಶ್ನೆ ಹುಟ್ಟಿಸುವಂಥದು. ಮೊದಲು ಕತ್ತೆಯ ಕೂದಲಿನ ಕುಂಚದಿಂದ ಕಪ್ಪು ಅಂಚುಗೆರೆ ಎಳೆಯಬೇಕು. ಗೆರೆ ಎಲ್ಲಿಯೂ ಬಿಡದೆ ಸುತ್ತಿ ಬಂದು ಕೂಡಬೇಕು, ಇಲ್ಲವಾದರೆ ಬೆಂಕಿಯಲ್ಲಿ ಬಣ್ಣ ಹೊರಗೆ ಹರಿಯುತ್ತದೆ. ಆಮೇಲೆ ಬಣ್ಣ. ಆದರೆ ಹಸಿಯಾಗಿರುವಾಗ ಯಾವ ಬಣ್ಣವೂ ತನ್ನ ಬಣ್ಣದಲ್ಲಿರುವುದಿಲ್ಲ. ನೀಲಿ ಬೂದಿಯಂತೆ ಕಾಣುತ್ತದೆ, ಕೆಂಪು ಬರಿಯ ಕೆಸರಿನಂತೆ. ಕೊನೆಗೆ ಬಿಲ್ಲೆಯನ್ನು ಹಾಲಿನಂಥ ಮೆರುಗಿನಲ್ಲಿ ಅದ್ದಿದರೆ ಬರೆದದ್ದೆಲ್ಲ ಮಾಯವಾಗಿ ಬರಿಯ ಬಿಳುಪು ಉಳಿಯುತ್ತದೆ. ಅದನ್ನು ಆವಿಗೆಗೆ ಒಪ್ಪಿಸಿ ಕಾಯಬೇಕು. ಬೆಂಕಿ ಮನಸ್ಸು ಮಾಡಿದರೆ ಚಿತ್ರವನ್ನು ಹಿಂದಕ್ಕೆ ಕೊಡುತ್ತದೆ. ಹೀಗಾಗಿ, ಆವಿಗೆಯ ಬಾಗಿಲು ತೆರೆಯುವವರೆಗೆ ಏನನ್ನೂ ನಂಬಬಾರದು ಎಂಬುದು ಶುಶಾನ್‌ಗೆ ಅಭ್ಯಾಸವಾಗಿಬಿಟ್ಟಿತ್ತು.

ಆ ರಾಜ್ಯಕ್ಕೆ ಕಾಚಕೇತು ಎಂಬ ಮಾಂತ್ರಿಕ ಬಂದು ಸೇರಿಕೊಂಡ. ಅವನು ಸಿಡಿಲಿನ ಮಗನೆಂದು ಕೆಲವರು, ಸಮುದ್ರದ ತಳದಲ್ಲಿ ತಪಸ್ಸು ಮಾಡಿದವನೆಂದು ಕೆಲವರು ಹೇಳುತ್ತಿದ್ದರು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕಂಡವರನ್ನು ಕಂಡವರು ಮಾತ್ರ ಬಹಳ ಮಂದಿ ಇದ್ದರು. ಖಚಿತವಾಗಿದ್ದ ಸಂಗತಿ ಒಂದೇ. ಅವನ ಕೈಯಲ್ಲಿ ಗಾಜಿನ ಕೋಲೊಂದಿತ್ತು. ಅದರ ಒಂದು ತುದಿಯಿಂದ ಬಿಲ್ಲೆಯನ್ನು ಮುಟ್ಟಿದರೆ ಚಿತ್ರದ ಪ್ರಾಣಿ ಜೀವ ತಳೆದು ಹೊರಗೆ ಬರುತ್ತಿತ್ತು. ಬಂದದ್ದು ಅವನ ಮಾತನ್ನಷ್ಟೇ ಕೇಳುತ್ತಿತ್ತು. ಇನ್ನೊಂದು ತುದಿಯಿಂದ ಮನುಷ್ಯನನ್ನು ಮುಟ್ಟಿದರೆ ಅವನು ಬರಿದಾದ ಬಿಲ್ಲೆಯೊಳಗೆ ಸೇರಿ ಚಿತ್ರವಾಗುತ್ತಿದ್ದ.

ಗೋಡೆಗಳಿಂದ ಇಳಿದ ಸಿಂಹಗಳು ಕಣಜಗಳಿಗೆ ಕಾವಲಾದವು. ಗೋಡೆಗಳಿಂದ ಇಳಿದ ಚಿರತೆಗಳು ಸಂತೆಯ ದಾರಿಗಳಲ್ಲಿ ಕುಳಿತವು. ರಾಜ ವಿಭಾಕರ ತಪ್ಪಿಸಿಕೊಂಡು ಕೊಳದ ನಡುವಿನ ಗೋಪುರವನ್ನು ಹೊಕ್ಕು, ಕಬ್ಬಿಣದ ಬಾಗಿಲು ಹಾಕಿಕೊಂಡ. ರಾಜಮುದ್ರೆ ಕಾಚಕೇತುವಿಗೆ ಸಿಕ್ಕಬಾರದೆಂದು ಅದನ್ನು ಕಿಟಕಿಯಿಂದ ಕೊಳಕ್ಕೆ ಎಸೆದ.

ಕಾಚಕೇತು ಹಾಗೋಪನನ್ನು ಕರೆಸಿದ.

“ಗೋಡೆಗಳ ಮೇಲಿನ ಮೃಗಗಳು ಮುಗಿಯುತ್ತ ಬಂದವು. ನನಗೆ ಸೈನ್ಯ ಬೇಕು. ಬೆಂಕಿಯುಗುಳುವ ಹಂದಿಗಳನ್ನು ಬರೆದುಕೊಡು.”

“ನನ್ನ ಕೈಗೆ ಹಂದಿ ಬರುವುದಿಲ್ಲ ಸ್ವಾಮಿ,” ಎಂದ ಹಾಗೋಪ್. “ಬಂದರೂ ನಿಮಗಾಗಿ ಬರುವುದಿಲ್ಲ.”

ಕಾಚಕೇತು ಕೋಲನ್ನು ತಿರುಗಿಸಿ ಹಿಡಿದು ಮುಟ್ಟಿದ. ಸಭೆಯ ಗೋಡೆಯಲ್ಲಿ ಖಾಲಿಯಿದ್ದ ಬಿಲ್ಲೆಯೊಂದರಲ್ಲಿ ಗಡ್ಡದ ಮುದುಕನೊಬ್ಬನ ಚಿತ್ರ ಮೂಡಿತು. ಅವನ ಕೈಯಲ್ಲಿ ಕುಂಚವಿತ್ತು.

ಸುದ್ದಿ ಕೇಳಿ ಶುಶಾನ್ ಅರಮನೆಗೆ ಓಡಿದಳು. ಕಾಚಕೇತು ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಅಪ್ಪನ ಕೆಲಸ ನಿನಗೂ ಬರುತ್ತದಂತೆ. ಮೂರು ಬಿಲ್ಲೆ ಬರೆದುಕೊಡು. ಮೂರರ ಜೀವಗಳೂ ನನ್ನ ಮಾತು ಕೇಳಿದರೆ ನಿನ್ನ ತಂದೆಯನ್ನು ಹೊರಗೆ ಕರೆಯುತ್ತೇನೆ. ಕೇಳದಿದ್ದರೆ ಅವನಿರುವ ಬಿಲ್ಲೆಯನ್ನು ಕುಟ್ಟಿ ಪುಡಿ ಮಾಡಿಸುತ್ತೇನೆ.”

“ಮೊದಲನೆಯದು ಏನು ಸ್ವಾಮಿ?”

“ಕೊಳದ ತಳದಿಂದ ರಾಜಮುದ್ರೆಯನ್ನು ತರುವ ಮೀನು.”

“ಎಂಥ ಮೀನು?”

“ಮೀನಿನಂಥ ಮೀನು!”

“ಮುದ್ರೆ ಎಷ್ಟು ದಪ್ಪ? ಬಾಯಿಯನ್ನು ಅದಕ್ಕೆ ತಕ್ಕಂತೆ ಬರೆಯಬೇಕಲ್ಲ?”

ಕಾಚಕೇತು ತನ್ನ ಹೆಬ್ಬೆರಳನ್ನು ನೋಡಿಕೊಂಡು, ಸ್ವಲ್ಪ ಯೋಚಿಸಿ, “ಇಷ್ಟು,” ಎಂದ.

ಶುಶಾನ್ ಮನೆಗೆ ಬಂದು ಮಣ್ಣು ತಟ್ಟಿದಳು. ಗೆರೆ ಎಳೆದಳು. ಬಣ್ಣ ತುಂಬಿದಳು. ಬಿಳಿಯ ಮೆರುಗಿನಲ್ಲಿ ಎಲ್ಲವನ್ನೂ ಮರೆಮಾಡಿದಳು. ತಾಕುಹಿ ಆವಿಗೆಯ ಕಿಂಡಿಯಲ್ಲಿ ಇಣುಕುತ್ತ, ಒಳಗಿನ ಬೆಳಕು ಮಾಗಿದ ಜರ್ದಾಳು ಹಣ್ಣಿನ ಬಣ್ಣಕ್ಕೆ ಬರುವವರೆಗೆ ಸೌದೆ ಒಟ್ಟಿದಳು. ತಣಿದ ಮೇಲೆ ಬಾಗಿಲು ತೆರೆದರೆ, ದೊಡ್ಡ ಬಾಯಿಯ ನೀಲಿ ಮೀನು ಹೊಳೆಯುತ್ತಿತ್ತು.

ಕಾಚಕೇತು ಕೋಲು ತಾಗಿಸಿದ. ಮೀನು ಜಾರಿ ಹೊರಬಂದು ಕೊಳಕ್ಕೆ ಧುಮುಕಿತು, ಮುದ್ರೆಯನ್ನು ಕಚ್ಚಿ ತಂದು ಅವನ ಪಾದದ ಬಳಿ ಹಾಕಿತು. ಹಾಕಿದ ಮೇಲೆ ತಾನೂ ಅಲ್ಲಿಯೇ ಕಲ್ಲಿನ ಮೇಲೆ ಬಿದ್ದುಕೊಂಡಿತು. ಕಿವಿರು ಒಣಗುತ್ತಿದ್ದರೂ ಒಂದಂಗುಲ ಹಿಂದೆ ಇದ್ದ ನೀರಿಗೆ ಅದು ಹೊರಳಲಿಲ್ಲ.

“ಸ್ವಾಮಿ, ಅದಕ್ಕೆ ನೀರಿಗೆ ಹೋಗೆಂದು ಹೇಳಿ. ಸಾಯುತ್ತಿದೆ.”

“ಅದಕ್ಕೇ ಗೊತ್ತಾಗಬಾರದೇ?” ಎಂದು ಕಾಚಕೇತು ಗದರಿದ. ಆಮೇಲೆ, “ಹೋಗು,” ಎಂದ. ಮೀನು ಹೋಯಿತು.

ಶುಶಾನ್‌ಗೆ ಇದು ವಿಚಿತ್ರವೆನಿಸಿತು. ಹೊರಡುವಾಗ ಅರಮನೆಯ ಮೊಗಸಾಲೆಯಲ್ಲಿ ಇನ್ನೊಂದು ವಿಚಿತ್ರವನ್ನು ಕಂಡಳು. ಅಲ್ಲಿ ಸೆರೋಪ್ ನಿಂತಿದ್ದ. ಸೆರೋಪ್ ಅವರ ಕೇರಿಯವನೇ, ಹಾಡು ಗುನುಗದೆ ಕುಂಚ ಹಿಡಿಯದ ಚಿತ್ರಗಾರ. ಕಾಚಕೇತು ಅವನನ್ನು ಬಿಲ್ಲೆಗೆ ತಳ್ಳಿ ಮತ್ತೆ ಹೊರಗೆ ಕರೆದಿದ್ದ. ಈಗ ಅವನು ಹಸಿ ಬಿಲ್ಲೆಯೊಂದರ ಮುಂದೆ ಕುಂಚ ಹಿಡಿದು, “ಮುಂದಿನ ಗೆರೆ ಎಲ್ಲಿ ಪ್ರಭು? ಮುಂದಿನ ಗೆರೆ ಎಲ್ಲಿ ಪ್ರಭು?” ಎಂದು ಯಾರೂ ಇಲ್ಲದ ಕಡೆಗೆ ಕೇಳುತ್ತಿದ್ದ.

“ಸೆರೋಪ್ ಮಾಮ, ನಾನು ಶುಶಾನ್.”

“ಮುಂದಿನ ಗೆರೆ ಎಲ್ಲಿ ಪ್ರಭು?”

ಅವನ ಕಿವಿಯ ಹಿಂದಿನಿಂದ ಕೊರಳಿಗೆ, ಕೊರಳಿನಿಂದ ಭುಜಕ್ಕೆ ಕಪ್ಪು ದಾರದಂಥ ಗೆರೆಯೊಂದು ಮೈಯನ್ನು ಸುತ್ತಿತ್ತು. ಶುಶಾನ್ ಬಾಗಿಲಿನ ಸಿಂಹವನ್ನು ನೋಡಿದಳು. ಅದರ ಮೈಯಂಚಿನಲ್ಲಿಯೂ ಅಂಥದೇ ಗೆರೆ ಇತ್ತು.

ಮನೆಗೆ ಬಂದು ಅತ್ತೆಗೆ ಹೇಳಿದಳು: “ಅವನು ಮಾತು ಉಳಿಸಿಕೊಂಡರೂ ನಮಗೆ ಹಿಂದಕ್ಕೆ ಬರುವುದು ಹಾಯ್ರಿಕ್ ಅಲ್ಲ. ಸೆರೋಪ್ ಮಾಮನಂಥ ಒಂದು ಗೊಂಬೆ.”

ತಾಕುಹಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬದುಕಿ ಬರಲಿ ಮೊದಲು. ಹೇಳಿದ ಮಾತು ಕೇಳುವ ತಮ್ಮನನ್ನು ನಾನು ಈವರೆಗೆ ಕಂಡೇ ಇಲ್ಲ,” ಎಂದಳು. ನಗಿಸಲು ಆಡಿದ ಮಾತು, ಇಬ್ಬರೂ ನಗಲಿಲ್ಲ.

ಎರಡನೆಯ ಅಪ್ಪಣೆ ಬಂತು. ಊರಿನ ಪ್ರತಿ ಕಿಟಕಿಯಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಬಂದು ಒಪ್ಪಿಸುವ ಹಕ್ಕಿ ಬೇಕಂತೆ.

ಶುಶಾನ್ ಮಣ್ಣು ತಟ್ಟಿದಳು. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಚಂದ್ರಮುಕುಟ ಹಕ್ಕಿಯ ಗೆರೆ ಎಳೆದಳು. ಬಣ್ಣ ತುಂಬಿದಳು. ಬಿಳಿಯ ಮೆರುಗಿನಲ್ಲಿ ಎಲ್ಲವನ್ನೂ ಮರೆಮಾಡಿದಳು. ತಾಕುಹಿ ಬೆಂಕಿಯನ್ನು ಜರ್ದಾಳಿನ ಬಣ್ಣಕ್ಕೆ ತಂದಳು. ಆದರೆ ತಣಿದ ಆವಿಗೆಯ ಬಾಗಿಲು ತೆರೆದಾಗ ಅವಳು ಹಣೆ ಚಚ್ಚಿಕೊಂಡಳು.

“ಬೂದಿ ಬಿದ್ದಿದೆ! ಆವಿಗೆಯ ಒಳಛಾವಣಿಯನ್ನು ಗುಡಿಸಲು ಮರೆತೆನಲ್ಲ, ನನ್ನ ಕಣ್ಣಿಗೆ ಮಣ್ಣು ಹಾಕ!”

ಸೌದೆಯ ಬೂದಿ ಮೆರುಗಿನ ಮೇಲೆ ಬಿದ್ದರೆ ಆ ಜಾಗ ಅತಿಯಾಗಿ ಕರಗಿ ನೀರಾಗುತ್ತದೆ. ಒಂದು ಚಿಟಿಕೆ ಬೂದಿ ಹಕ್ಕಿಯ ಬಾಲದ ಮೇಲೆ ಬಿದ್ದಿತ್ತು. ಅಲ್ಲಿ ಕಪ್ಪು ಗೆರೆ ಕರಗಿ ಹರಿದು, ಬಾಲದ ನೀಲಿ ಕಣ್ಣೀರಿನಂತೆ ಕೆಳಗೆ ಇಳಿದಿತ್ತು. ಇಂಥ ಬಿಲ್ಲೆಯನ್ನು ಹೊರಗಿನವರ ಕಣ್ಣಿಗೆ ಬೀಳುವ ಮುನ್ನವೇ ಒಡೆದು ಆವಿಗೆಯ ಹೊಸ್ತಿಲಡಿ ಹೂಳುವುದು ಕೇರಿಯ ಸಂಪ್ರದಾಯ. ತಾಕುಹಿ ಸುತ್ತಿಗೆ ಎತ್ತುವಷ್ಟರಲ್ಲಿ ಅರಮನೆಯ ಆಳುಗಳು ಬಂದು ಬಿಲ್ಲೆಯನ್ನು ಎತ್ತಿಕೊಂಡರು.

ಕಾಚಕೇತು ಕೋಲು ತಾಗಿಸಿದ. ಚಂದ್ರಮುಕುಟ ಹೊರಬಂದು ಮೈ ಕೊಡವಿ ಅವನ ಭುಜದ ಮೇಲೆ ಕುಳಿತಿತು.

“ಹೋಗು. ಗೋಪುರದ ಕಿಟಕಿಯಲ್ಲಿ ಕುಳಿತು ರಾಜ ಏನು ಮಾತನಾಡುತ್ತಾನೆಂದು ಕೇಳಿ ಬಾ.”

ಹಕ್ಕಿ ತಲೆ ಓರೆ ಮಾಡಿ ಅವನನ್ನು ನೋಡಿತು. ಅವನ ಮುಂಡಾಸಿನಲ್ಲಿ ಏನೋ ಹುಳುವಿದೆಯೆಂದು ತೋರಿರಬೇಕು, ಎರಡು ಬಾರಿ ಕುಕ್ಕಿತು. ಆಮೇಲೆ ಜುಟ್ಟು ಬಿಚ್ಚಿ, ತನಗೆ ಇಷ್ಟ ಬಂದ ಕಡೆಗೆ ಹಾರಿಹೋಯಿತು.

ಸಭೆಯಲ್ಲಿ ಯಾರೋ ನಕ್ಕರು. ಕಾಚಕೇತು ಕೆಂಪಾಗಿ, ಕಾವಲುಗಾರನ ಕೈಯಿಂದ ಗದೆ ಕಿತ್ತುಕೊಂಡು ಹಾಗೋಪನಿದ್ದ ಬಿಲ್ಲೆಯ ಮೂಲೆಗೆ ಬಡಿದ. ಮೂಲೆಯಿಂದ ಹೊರಟ ಬಿರುಕು ಚಿತ್ರದ ಪಾದದ ಹತ್ತಿರ ಬಂದು ನಿಂತಿತು.

“ಬೇಡ!” ಎಂದು ಶುಶಾನ್ ಕೂಗಿದಳು. “ತಪ್ಪು ಆವಿಗೆಯದು. ಮೂರನೆಯದು ತಪ್ಪುವುದಿಲ್ಲ.”

“ತಪ್ಪಿದರೆ ಮೂಲೆಗೆ ಬಡಿಯುವುದಿಲ್ಲ, ನಡುವಿಗೇ,” ಎಂದ ಕಾಚಕೇತು. “ಮೂರನೆಯದನ್ನು ಕೇಳು. ನನಗೆ ರಾಜ ಬೇಕು. ವಿಭಾಕರನಂತೆಯೇ ಇರುವ, ನಾನು ಹೇಳಿದಲ್ಲಿ ಮುದ್ರೆ ಒತ್ತುವ ರಾಜ. ಗೋಪುರದೊಳಗಿರುವವನು ಅಲ್ಲಿಯೇ ಇರಲಿ. ಜನಕ್ಕೆ ನಾನು ಬೇರೊಬ್ಬನನ್ನು ತೋರಿಸುತ್ತೇನೆ.”

ಶುಶಾನ್ ತಲೆ ತಗ್ಗಿಸಿ ಮನೆಗೆ ಬಂದಳು. ಮನೆಯ ಮಾಡಿನ ಮೇಲೆ ಚಂದ್ರಮುಕುಟ ಕುಳಿತು ಎರೆಹುಳು ನುಂಗುತ್ತಿತ್ತು. ಅವಳು ಏಣಿ ಹಾಕಿ ಹತ್ತಿ ಹಕ್ಕಿಯನ್ನು ಬಹಳ ಹೊತ್ತು ನೋಡಿದಳು. ಕೊಕ್ಕಿನಿಂದ ಜುಟ್ಟಿಗೆ, ಜುಟ್ಟಿನಿಂದ ಬೆನ್ನಿಗೆ ಕಪ್ಪು ಗೆರೆ ಇತ್ತು. ಬಾಲದ ತುದಿಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ನೀಲಿ ತಾನಾಗಿ ಹೊರಚಾಚಿ, ಹೊಸ ಗರಿಯೊಂದು ಮೂಡಿತ್ತು.

“ಅತ್ತೆ! ಕೋಲೂ ಅಲ್ಲ, ಮಂತ್ರವೂ ಅಲ್ಲ. ಗೆರೆ!”

“ಯಾವ ಗೆರೆ? ಮೊದಲು ಕೆಳಗಿಳಿ, ಏಣಿ ಹಳೆಯದು.”

“ಕೋಲು ಹೊರಗೆ ಕರೆಯುತ್ತದೆ, ಅಷ್ಟೇ. ಮಾತು ಕೇಳಿಸುವುದು ಅಂಚುಗೆರೆ. ಗೆರೆ ಕೂಡಿದ್ದರೆ ಒಳಗಿನ ಮನಸ್ಸು ಒಳಗೇ ಉಳಿಯುತ್ತದೆ. ಎಲ್ಲಾದರೂ ಬಿಟ್ಟಿದ್ದರೆ ಹೊರಗೆ ಬರುತ್ತದೆ. ಹಾಯ್ರಿಕ್‌ನ ಗೆರೆಯನ್ನೂ ಒಂದು ಕಡೆ ಕರಗಿಸಬೇಕು.”

“ಮೆರುಗಿನ ಅಡಿಯಲ್ಲಿರುವ ಗೆರೆಯನ್ನು ಹೇಗೆ ಕರಗಿಸುತ್ತೀಯೆ?”

ಶುಶಾನ್ ಏಣಿಯ ಮೇಲಿಂದಲೇ ಆವಿಗೆಯ ಕಡೆ ನೋಡಿದಳು. ತಾಕುಹಿಯೂ ಆ ಕಡೆ ನೋಡಿದಳು, ನೋಡಿ ಏಣಿಯನ್ನು ಬಿಟ್ಟು ಹಿಂದೆ ಸರಿದಳು.

ಮರುದಿನ ಶುಶಾನ್ ಕಾಚಕೇತುವಿನ ಮುಂದೆ ನಿಂತು, “ಸ್ವಾಮಿ, ನಾನು ಮೀನು ಬರೆದಿದ್ದೇನೆ, ಹಕ್ಕಿ ಬರೆದಿದ್ದೇನೆ, ಮನುಷ್ಯನನ್ನು ಬರೆದಿಲ್ಲ. ಮೈಯ ಬಣ್ಣ ಮೆರುಗಿನಲ್ಲಿ ಹೇಗೆ ಕೂರುತ್ತದೆಂದು ನೋಡಲು ನನ್ನ ತಂದೆಯ ಬಿಲ್ಲೆ ಬೇಕು,” ಎಂದಳು.

ಕಾಚಕೇತುವಿಗೆ ರಾಜನ ಆಸೆ ದೊಡ್ಡದಾಗಿತ್ತು. ಬಿಲ್ಲೆಯನ್ನು ಗೋಡೆಯಿಂದ ಬಿಡಿಸಿ ಕೊಟ್ಟ. ಜೊತೆಗೆ ಒಂದು ಸಿಂಹವನ್ನು ಕಳುಹಿಸಿ, “ಈ ಬಿಲ್ಲೆ ಆವಿಗೆಯ ಮನೆಯ ಹೊಸ್ತಿಲು ದಾಟದಂತೆ ಕಾಯಿ,” ಎಂದು ಆಜ್ಞೆ ಮಾಡಿದ. ಸಿಂಹ ಹೊಸ್ತಿಲ ಮೇಲೆ ಮಲಗಿತು. ಒಳಗೆ ಬಿಲ್ಲೆಯನ್ನು ಏನು ಮಾಡಿದರೂ ಅದು ಕಿವಿ ಅಲುಗಿಸಲಿಲ್ಲ.

ಈ ಸಲ ಶುಶಾನ್ ಮಣ್ಣು ತಟ್ಟಲಿಲ್ಲ.

ತಂದೆಯ ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಬೂದಿ ಬಿದ್ದ ಕಡೆ ಗೆರೆಯ ಜೊತೆಗೆ ಒಳಗಿನ ಬಣ್ಣವೂ ಹರಿಯುತ್ತದೆ. ಮುಖದ ಬಳಿ ಇಟ್ಟರೆ ಮುಖ ಹೋದೀತು. ಎದೆಯ ಬಳಿ ಇಡಲು ಧೈರ್ಯವಿಲ್ಲ. ಕೈಯ ಬಳಿ ಇಟ್ಟರೆ ಚಿತ್ರಗಾರನಿಗೆ ಉಳಿಯುವುದೇನು? ಕೊನೆಗೆ, ಗೆರೆ ಅವನ ಕೈಯಲ್ಲಿದ್ದ ಕುಂಚವನ್ನೂ ಸುತ್ತಿ ಬಂದಿರುವುದು ಕಣ್ಣಿಗೆ ಬಿತ್ತು. ಕುಂಚದ ತುದಿಯ ಮೇಲೆ, ಹೆಬ್ಬೆರಳಿನಿಂದ ಆದಷ್ಟು ದೂರದಲ್ಲಿ, ಜರಡಿ ಹಿಡಿದ ಬೂದಿಯ ಒಂದು ಬೊಟ್ಟು ಇಟ್ಟಳು.

ಆಮೇಲೆ ತಂದೆಯ ತಲೆಯ ಮೇಲೆ ಕಿರೀಟ ಬರೆದಳು. ಹರಿದ ಅಂಗಿಯ ಮೇಲೆ ರಾಜನ ನಿಲುವಂಗಿ ಬರೆದಳು.

ತಾಕುಹಿ ಭುಜದ ಮೇಲಿಂದ ಬಗ್ಗಿ ನೋಡಿದಳು. “ರಾಜನ ಕೆನ್ನೆ ಉಬ್ಬು. ನಮ್ಮವನದು ಒಣಗಿದ ಅಂಜೂರ.”

“ಕೆನ್ನೆ ತಿದ್ದಿದರೆ ಹಾಯ್ರಿಕ್ ಉಬ್ಬಿದ ಕೆನ್ನೆಯಲ್ಲೇ ಹೊರಬಂದರೆ?”

“ಬಿಡು. ಕಿರೀಟ ಇಟ್ಟ ಮೇಲೆ ಮುಖ ಯಾರು ನೋಡುತ್ತಾರೆ?”

ಎಲ್ಲದರ ಮೇಲೆ ಬಿಳಿಯ ಮೆರುಗನ್ನು ಎರೆದಳು. ಕಿರೀಟವೂ ಹೋಯಿತು, ಹಾಗೋಪನೂ ಹೋದ. ಬಿಳುಪು ಉಳಿಯಿತು.

ಬಿಲ್ಲೆಯನ್ನು ಆವಿಗೆಯೊಳಗೆ ಇಟ್ಟಾಗ ತಾಕುಹಿ ಬಾಗಿಲಿಗೆ ಅಡ್ಡ ನಿಂತಳು.

“ನಾನು ಮಣ್ಣು ಸುಡುವವಳು. ಒಡಹುಟ್ಟಿದವನನ್ನು ಸುಡುವವಳಲ್ಲ.”

“ಅತ್ತೆ...”

“ಬಿರುಕು ಬಿಟ್ಟ ಬಿಲ್ಲೆ ಎರಡನೆಯ ಬೆಂಕಿಯನ್ನು ತಾಳಿದ್ದುಂಟೇ? ನೀನೇ ಹೇಳು. ಎಲ್ಲಾದರೂ ನೋಡಿದ್ದೀಯಾ?”

“ನೋಡಿಲ್ಲ.”

“ಮತ್ತೆ? ಬೆಂಕಿ ಹೆಚ್ಚಾದರೆ ಇಡೀ ಮೆರುಗು ಹರಿಯುತ್ತದೆ, ಅದರ ಜೊತೆ ಅವನೂ ಹರಿಯುತ್ತಾನೆ. ಕಡಿಮೆಯಾದರೆ ಗೆರೆ ಕರಗುವುದಿಲ್ಲ.”

“ಅದಕ್ಕೇ ನೀವು ಬೇಕು. ನಾನು ಉರಿಸಿದರೆ ಹೆಚ್ಚಾದೀತು. ನಿಮ್ಮ ಕಣ್ಣಿಗೆ ಬೆಂಕಿ ಎಂದೂ ಸುಳ್ಳು ಹೇಳಿಲ್ಲ.”

“ಹೊಗಳಬೇಡ. ಹೊಗಳಿದರೆ ಸೌದೆ ತಂದುಕೊಡುತ್ತೇನೆಂದುಕೊಂಡೆಯಾ?” ಎಂದು ತಾಕುಹಿ ರೇಗಿದಳು. “ನಿನ್ನ ಅಪ್ಪನೂ ಹೀಗೆಯೇ. ಬಾಯಿ ತೆರೆದರೆ ಬೆಣ್ಣೆ, ಕೊನೆಗೆ ಮೈ ಮಸಿಯಾಗುವುದು ನನ್ನದು!”

“ಹಾಗಾದರೆ ನಾನೇ ಹಚ್ಚುತ್ತೇನೆ.”

“ಮುಟ್ಟಿ ನೋಡು, ಕೈ ಮುರಿಯುತ್ತೇನೆ! ದಪ್ಪ ಸೌದೆ ಬೇಡ ಮೊದಲಿಗೆ. ಕಡ್ಡಿ ಕೊಡು. ಸಣ್ಣ ಕಡ್ಡಿ.”

ಅವಳು ಕಡ್ಡಿಕಡ್ಡಿಯಾಗಿ ಬೆಂಕಿಯನ್ನು ಬೆಳೆಸಿದಳು. ಬಿರುಕಿಗೆ ಗೊತ್ತಾಗದಷ್ಟು ನಿಧಾನವಾಗಿ ಬಿಸಿ ಏರಿಸಿದಳು. ಕಿಂಡಿಗೆ ಕಣ್ಣಿಟ್ಟವಳು ನೀರನ್ನೂ ಕುಡಿಯಲಿಲ್ಲ. ಬೆಳಕು ಕೆಂಡದ ಬಣ್ಣದಿಂದ ಕಿತ್ತಳೆಗೆ, ಕಿತ್ತಳೆಯಿಂದ ಜರ್ದಾಳಿಗೆ ಬಂದಾಗ, “ಸಾಕು,” ಎಂದು ಗಾಳಿಯ ದಾರಿ ಮುಚ್ಚಿ ಗೋಡೆಗೆ ಒರಗಿದಳು.

ಆವಿಗೆ ತಣಿಯಲು ಬಹಳ ಹೊತ್ತು ಬೇಕು. ಆದರೆ ಹೊಗೆ ನಿಂತದ್ದನ್ನು ಅರಮನೆಯ ಉಪ್ಪರಿಗೆಯಿಂದ ನೋಡಿದ ಕಾಚಕೇತು ತಾನೇ ಬಂದುಬಿಟ್ಟ. ಸಿಂಹ ಎದ್ದು ದಾರಿ ಬಿಟ್ಟಿತು.

“ಬಾಗಿಲು ತೆಗೆಯಿರಿ.”

“ಇನ್ನೂ ಕಾಯಬೇಕು ಸ್ವಾಮಿ,” ಎಂದಳು ತಾಕುಹಿ. “ಬಿಸಿಯಲ್ಲಿ ತಣ್ಣನೆಯ ಗಾಳಿ ನುಗ್ಗಿದರೆ ಬಿಲ್ಲೆ ಸೀಳುತ್ತದೆ.”

“ನನ್ನ ಕಾಲಕ್ಕೆ ಆವಿಗೆ ನಡೆಯಬೇಕು, ಆವಿಗೆಯ ಕಾಲಕ್ಕೆ ನಾನಲ್ಲ.”

“ಸಿಡಿಲಿನ ಮಕ್ಕಳಿಗೆ ತಾಳ್ಮೆ ಕಡಿಮೆ ಇರಬಹುದು. ಮಣ್ಣಿಗೆ ಅದು ತಿಳಿಯುವುದಿಲ್ಲವಲ್ಲ!”

“ಮುದುಕಿ, ಪಕ್ಕಕ್ಕೆ ಸರಿ! ಹುಡುಗಿ, ನಿನ್ನ ತಂದೆಯ ಬಿಲ್ಲೆ ಎಲ್ಲಿ?”

“ಅದೂ ಒಳಗೇ ಇದೆ,” ಎಂದಳು ಶುಶಾನ್.

ಕಾಚಕೇತು ನಕ್ಕ. “ಹೆತ್ತವನನ್ನು ನೀನೇ ಸುಟ್ಟೆಯಾ? ನನ್ನ ಕೆಲಸ ಉಳಿಯಿತು.” ಕಾಲಿನಿಂದ ಒದ್ದು ಆವಿಗೆಯ ಬಾಗಿಲು ಕೆಡವಿದ.

ಬಿಸಿಯುಸಿರು ಹೊರಗೆ ನುಗ್ಗಿತು, ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಬಿಲ್ಲೆಯ ಮೇಲೆ ಕಿರೀಟ ಧರಿಸಿದ ರಾಜ ನಿಂತಿದ್ದ. ಮೆರುಗು ಟಿಣ್, ಟಿಣ್ ಎನ್ನತೊಡಗಿತು. ಮೂಲೆಯ ಬಿರುಕು ಪಾದವನ್ನು ದಾಟಿತು. ಮೊಣಕಾಲನ್ನು ದಾಟಿತು. ಕುಂಚವಿದ್ದ ಜಾಗದಲ್ಲಿ ಕಪ್ಪು ಗೆರೆ ಕರಗಿ ಹರಿದಿರುವುದು ಶುಶಾನ್‌ಗೆ ಕಾಣುತ್ತಿತ್ತು. ಬಿರುಕು ಸೊಂಟಕ್ಕೆ ಏರುತ್ತಿರುವುದೂ ಕಾಣುತ್ತಿತ್ತು.

“ಬೇಗ ಕರೆಯಿರಿ ಸ್ವಾಮಿ!” ಎಂದು ಅವಳು ಚೀರಿದಳು. “ನಿಮ್ಮ ರಾಜ ಒಡೆದುಹೋಗುತ್ತಿದ್ದಾನೆ!”

ಕಾಚಕೇತು ಕೈ ಚಾಚಿ, ಕಾದು ಹೊಳೆಯುತ್ತಿದ್ದ ಬಿಲ್ಲೆಯ ಮೇಲೆ ಗಾಜಿನ ಕೋಲನ್ನು ಒತ್ತಿದ.

ಬಿಲ್ಲೆ ಎರಡಾಗಿ ಸೀಳಿತು. ಅದರ ಮುಂದೆ, ಹೊಗೆಯಾಡುವ ನಿಲುವಂಗಿಯಲ್ಲಿ, ಕಿರೀಟ ವಾರೆಯಾಗಿ, ಒಬ್ಬ ಮುದುಕ ನಿಂತಿದ್ದ.

“ಮಹಾರಾಜ,” ಎಂದ ಕಾಚಕೇತು, “ಮುದ್ರೆ ತೆಗೆದುಕೋ. ನನ್ನೊಡನೆ ಬಾ.”

ಮುದುಕ ಅವನನ್ನು ನೋಡಲಿಲ್ಲ. ಬಿದ್ದಿದ್ದ ಬಾಗಿಲನ್ನು ನೋಡಿದ.

“ಆವಿಗೆಯ ಬಾಗಿಲನ್ನು ಹೀಗೆ ತೆಗೆದವನು ಯಾರು?” ಎಂದು ಗುಡುಗಿದ. “ಬುದ್ಧಿಯಿಲ್ಲವೇ? ಅಕ್ಕಾ, ನೀನಿದ್ದೂ ಹೀಗಾಯಿತೇ?”

ರಾಜರಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಕಾಚಕೇತುವಿಗೆ ವಿಷಯ ಹೊಳೆಯಿತು. ಹಾಗೋಪನನ್ನು ಮತ್ತೆ ತಳ್ಳಲೆಂದು ಕೋಲನ್ನು ತಿರುಗಿಸಿದ. ಆದರೆ ಅದು ಗಾಜು; ಉರಿಯುವ ಬಿಲ್ಲೆಯನ್ನು ಮುಟ್ಟಿ ತಣ್ಣನೆಯ ಗಾಳಿಗೆ ಬಂದ ಗಾಜು. ಕೋಲಿನ ಉದ್ದಕ್ಕೂ ಟಿಣ್ ಎಂಬ ಸದ್ದು ಓಡಿತು. ಅವನ ಮುಷ್ಟಿಯಲ್ಲಿ ಒಂದು ಹಿಡಿ ಚೂರು ಉಳಿಯಿತು. ಗೆರೆಗಳನ್ನು ಬಿಲ್ಲೆಗಳಿಂದ ಹೊರಗೆ ತಂದದ್ದೂ ಆ ಕೋಲೇ; ಅದು ಹೋದ ಮೇಲೆ ಅವಕ್ಕೂ ಹಿಡಿತ ಉಳಿಯಲಿಲ್ಲ.

ಹೊಸ್ತಿಲಲ್ಲಿದ್ದ ಸಿಂಹ ಮೈ ಕೊಡವಿತು. ಅದರ ಸುತ್ತಲಿನ ಕಪ್ಪು ಗೆರೆ ಒಣಗಿದ ಬಳ್ಳಿಯಂತೆ ಕಳಚಿ ಬಿತ್ತು. ಸಿಂಹ ದೊಡ್ಡದಾಗಿ ಆಕಳಿಸಿ, ಹೊಸದಾಗಿ ಕಾಣುತ್ತಿರುವಂತೆ ಕಾಚಕೇತುವನ್ನು ನೋಡಿತು. ಸಿಡಿಲಿನ ಮಗ ಬಿಲ್ಲೆ ಒಣಗಿಸುವ ಅಟ್ಟವನ್ನು ಹತ್ತಿ ಕುಳಿತುಬಿಟ್ಟ. ಸಿಂಹಕ್ಕೆ ಅವನಲ್ಲಿ ಆಸಕ್ತಿ ಉಳಿಯಲಿಲ್ಲ. ಬೀದಿಗಿಳಿದು ಕಾಡಿನ ದಿಕ್ಕಿಗೆ ಹೊರಟುಹೋಯಿತು. ಊರಿನ ಚಿರತೆಗಳೆಲ್ಲ ಅದರ ಹಿಂದೆ ಹೋದವು. ಕೊಳದಲ್ಲಿ ನೀಲಿ ಮೀನು ಯಾರೂ ಹೇಳದೆಯೇ ಒಂದು ಪಲ್ಟಿ ಹೊಡೆಯಿತು. ಮೊಗಸಾಲೆಯಲ್ಲಿ ಸೆರೋಪ್, “ಮುಂದಿನ ಗೆರೆ ಎಲ್ಲಿ...” ಎನ್ನುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ, ಬಿಲ್ಲೆಯನ್ನು ನೋಡಿ, “ಛೆ, ಇದನ್ನು ಯಾರು ಇಷ್ಟು ಕೆಡಿಸಿದರು?” ಎಂದು ಗುನುಗುತ್ತ ತಿದ್ದಲು ಕುಳಿತ.

ಶುಶಾನ್ ತಂದೆಯ ಕೈಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೆರಳುಗಳೆಲ್ಲ ಇದ್ದವು. ಕುಂಚ ಮಾತ್ರ ಇರಲಿಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ನೀಲಿಯ ಒಂದು ಹನಿ ಒಣಗಿತ್ತು.

ಅಟ್ಟದ ಮೇಲಿನವನನ್ನು ಅವಳು ಕೇಳಿದಳು: “ಆ ಕೋಲು ನಿನಗೆ ಎಲ್ಲಿ ಸಿಕ್ಕಿತು?”

“ಪಾಳುಬಾವಿಯಲ್ಲಿ,” ಎಂದ ಕಾಚಕೇತು. “ಕೊಡ ಬಿದ್ದಿತ್ತೆಂದು ಇಳಿದಿದ್ದೆ.”

“ಮತ್ತೆ ಸಿಡಿಲು? ಸಮುದ್ರದ ತಳದ ತಪಸ್ಸು?”

“ಅದು ಜನ ಹೇಳಿದ್ದು. ನಾನು ಅಲ್ಲವೆನ್ನಲಿಲ್ಲ.”

ರಾಜ ವಿಭಾಕರ ಗೋಪುರದಿಂದ ಇಳಿದು ಬಂದು ಮುದ್ರೆಯನ್ನು ಮರಳಿ ಪಡೆದ. ಕಾಚಕೇತುವಿಗೆ ಏನು ಶಿಕ್ಷೆ ಎಂದು ಕೇಳಿದಾಗ ತಾಕುಹಿ, “ಜೇಡಿಮಣ್ಣು ತುಳಿಯಲು ನನಗೊಂದು ಜೊತೆ ಕಾಲು ಬೇಕು,” ಎಂದಳು. ಅವನು ತುಳಿಯತೊಡಗಿದ. ಅವಳ ಮಾತುಗಳನ್ನು ದಿನವಿಡೀ ಕೇಳುವುದೂ ಶಿಕ್ಷೆಯ ಭಾಗವಾಗಿತ್ತು. ಸುಟ್ಟ ಮಣ್ಣಿನ ಕಿರೀಟ ಬಹಳ ಭಾರವಾಗಿದ್ದುದರಿಂದ ಹಾಗೋಪ್ ಅದನ್ನು ತೆಗೆದಿಟ್ಟ; ತಾಕುಹಿ ಅದರಲ್ಲಿ ಪುದೀನ ನೆಟ್ಟಳು. ಕಣಜಗಳು ತೆರೆದವು, ಸಂತೆಯ ದಾರಿಗಳು ತೆರೆದವು, ಶಂಖಾವತಿಯಲ್ಲಿ ಜನ ಹೊಟ್ಟೆ ತುಂಬ ಉಂಡು ನಿರ್ಭಯವಾಗಿ ಬಾಳಿದರು.

ಶುಶಾನ್ ಅರಾರಾತ್ ಬೆಟ್ಟದ ಗುಪ್ತ ಮಂತ್ರದಿಂದ ಮಾಂತ್ರಿಕನನ್ನು ಗೆದ್ದಳೆಂದು ಮರುವಾರವೇ ಸಂತೆಯಲ್ಲಿ ಹೇಳತೊಡಗಿದ್ದರು. ಅವಳು ಅದನ್ನು ತಿದ್ದಲು ಒಂದೆರಡು ಸಲ ನೋಡಿದಳು. ಬೂದಿಯ ಮಾತನ್ನು ಯಾರೂ ಕೊನೆಯವರೆಗೆ ಕೇಳಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಬೇರೆಯೇ ಒಂದು ಉತ್ತರ. ಹಾಗೋಪ್ ಹೊಸ ಕುಂಚ ಕಟ್ಟಿಕೊಂಡು ಕೆಲಸಕ್ಕೆ ಕುಳಿತ ಬೆಳಿಗ್ಗೆ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೇಳಿದಳು:

“ಹಾಯ್ರಿಕ್, ಒಳಗೆ ಹೇಗಿತ್ತು?”

ಹಾಗೋಪ್ ಗೆರೆ ನಿಲ್ಲಿಸಿ ಯೋಚಿಸಿದ. “ಏನೂ ಇರಲಿಲ್ಲ ಮಗಳೇ. ಬೆಳಕೂ ಅಲ್ಲ, ಕತ್ತಲೂ ಅಲ್ಲ. ಎಲ್ಲಿದ್ದೇನೆಂದೂ ತಿಳಿಯುತ್ತಿರಲಿಲ್ಲ. ಆಮೇಲೆ ಎಲ್ಲ ಬೆಳ್ಳಗಾಯಿತು.”

“ಹೆದರಿಕೆಯಾಗಲಿಲ್ಲವೇ?”

“ಆಗುವುದರಲ್ಲಿತ್ತು. ಅಷ್ಟರಲ್ಲಿ ಇಬ್ಬರು ಹೆಂಗಸರು ಸೌದೆಗಾಗಿ ಜಗಳವಾಡುವುದು ಕೇಳಿಸಿತು,” ಎಂದ ಹಾಗೋಪ್. “ಮನೆಗೆ ಬಂದಿದ್ದೇನೆಂದು ಆಗ ಗೊತ್ತಾಯಿತು.”